ಯಾರುಮಾಲ್ ಬೆಟ್ಟದಲ್ಲಿ ಮರೆವಿನ ಜಾಡು

ಕೊಲಂಬಿಯಾದ ಮೆಡೆಯಿನ್ ನಗರ ಬಿಟ್ಟು ಉತ್ತರಕ್ಕೆ ಹೊರಟರೆ ಬಸ್ಸು ಆಂಡಿಸ್ ಬೆಟ್ಟಗಳನ್ನು ಹತ್ತುತ್ತಲೇ ಹೋಗುತ್ತದೆ. ಸಾಂತಾ ರೋಸಾ ದಾಟಿದ ಮೇಲೆ ಎರಡೂ ಕಡೆ ಹುಲ್ಲುಗಾವಲು, ಮೇಯುವ ಹಸುಗಳು, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಮುಚ್ಚಿಬಿಡುವ ಮಂಜು. ಯಾರುಮಾಲ್‌ನಲ್ಲಿ ಇಳಿದಾಗ ಹೋಟೆಲಿನಾಕೆ ತಂದಿಟ್ಟದ್ದು ಹಬೆಯಾಡುವ ಬೆಲ್ಲದ ನೀರು, ಬದಿಯಲ್ಲಿ ಒಂದು ತುಂಡು ಚೀಸು. ಇಷ್ಟು ದೂರದ ಬೆಟ್ಟದ ಮೇಲೆ ಬೆಲ್ಲದ ಘಮ! ಲೋಟ ಹಿಡಿದ ಕೈ ಬೆಚ್ಚಗಾಯಿತು.

ಈ ಚೆಂದದ ಊರು ನರವೈದ್ಯರಿಗೆಲ್ಲ ಗೊತ್ತು. ಇಲ್ಲಿನ ಮತ್ತು ಸುತ್ತಲಿನ ಕೆಲವು ಮನೆತನಗಳಲ್ಲಿ ನಲವತ್ತೈದರ ಆಸುಪಾಸಿಗೇ ಮರೆವು ಶುರು. ಐವತ್ತರ ಹೊತ್ತಿಗೆ ಡಿಮೆನ್ಷಿಯಾ. ಹಿಂದೆ ಜನ ಅದನ್ನು ಶಾಪವೆಂದು ನಂಬಿದ್ದರು. ಇದೇ ಊರಲ್ಲಿ ಬೆಳೆದ ಡಾ. ಫ್ರಾನ್ಸಿಸ್ಕೊ ಲೊಪೆರಾ 1980ರ ದಶಕದಿಂದ ಹಳ್ಳಿಹಳ್ಳಿ ಅಲೆದು ವಂಶವೃಕ್ಷ ಬರೆದರು. ಕೊನೆಗೆ ಸಿಕ್ಕಿದ್ದು 14ನೇ ಕ್ರೋಮೋಸೋಮಿನ ಪ್ರೆಸೆನಿಲಿನ್-1 ಜೀನಿನಲ್ಲಿ ಒಂದು ಪುಟ್ಟ ಬದಲಾವಣೆ. ಸುಮಾರು 6,000 ಜನರ ಬಳಗದಲ್ಲಿ 1,200ರಷ್ಟು ಮಂದಿ ಅದನ್ನು ಹೊತ್ತಿದ್ದಾರೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ.

ಯಾರಿಗೆ ಯಾವಾಗ ಕಾಯಿಲೆ ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ, ಆರೋಗ್ಯವಾಗಿರುವಾಗಿನಿಂದಲೇ ಮಿದುಳಿನ ಚಿತ್ರ ತೆಗೆಯುತ್ತ ಹೋಗಬಹುದು. ಮೆಡೆಯಿನ್‌ಗೆ ಮರಳಿದ ಮೇಲೆ ಸಂಶೋಧಕಿಯೊಬ್ಬರು ಅಂಥ ಪೆಟ್ ಸ್ಕ್ಯಾನ್‌ಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ನೀಲಿಯಿದ್ದರೆ ಚೊಕ್ಕಟ, ಹಳದಿ-ಕೆಂಪಾದರೆ ಕಶ್ಮಲ. ಈ ಜೀನ್ ಇರುವವರ ಮಿದುಳಿನಲ್ಲಿ ಅಮಿಲಾಯ್ಡ್ ಪ್ರೋಟೀನು ಗಂಟುಕಟ್ಟುವುದು ಸುಮಾರು 28ನೇ ವಯಸ್ಸಿಗೇ ಕಾಣತೊಡಗುತ್ತದೆ. ಮದುವೆ, ಕೆಲಸ, ಮಕ್ಕಳು ಎಂದು ಓಡಾಡುವ ವಯಸ್ಸು ಅದು. ಒಂದು ಹೆಸರೂ ಮರೆತಿರುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ನೆನಪಿನ ಕೇಂದ್ರದ ಜೀವಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಸಿಕ್ಕುಬಿದ್ದ ನೂಲಿನಂತೆ ಸುತ್ತಿಕೊಳ್ಳುತ್ತದೆ. ಮರೆವು ಹೊರಗೆ ಕಾಣುವುದು ಅದಾದ ಮೇಲೆ. ತಲೆಬುರುಡೆ ತೆರೆಯದೆ, ಬದುಕಿರುವಾಗಲೇ ಇದನ್ನೆಲ್ಲ ಕಾಣಬಹುದೆಂದು ನಂಬಲು ನನಗೆ ಹೊತ್ತು ಹಿಡಿಯಿತು.

ಈ ಚಿತ್ರಗಳಿಗಾಗಿ ಎಷ್ಟೋ ಮಂದಿ ಅಮೆರಿಕದ ಬೋಸ್ಟನ್‌ವರೆಗೆ ಹೋಗಿದ್ದಾರೆ. ಅಮಿಲಾಯ್ಡ್‌ಗೆ ಅಂಟಿಕೊಳ್ಳುವ ಅಲ್ಲಿನ ಚುಚ್ಚುಮದ್ದಿನ ವಿಕಿರಣ ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ; ತಯಾರಾದ ಕೂಡಲೇ ಓಡಿಬಂದು ಚುಚ್ಚಬೇಕು.

ಹಾಗೆ ಹೋದವರಲ್ಲಿ ಅಲಿರಿಯಾ ರೋಸಾ ಪಿಯೆದ್ರಾಹಿತಾ ಒಬ್ಬರು. ಆ ಜೀನ್ ಆಕೆಗೂ ಇತ್ತು, ಆದರೆ ಎಪ್ಪತ್ತು ದಾಟುವವರೆಗೂ ನೆನಪು ನೆಟ್ಟಗಿತ್ತು. ಸ್ಕ್ಯಾನ್ ಮಾಡಿದವರು ದಂಗಾದರು. ಅಮಿಲಾಯ್ಡ್ ಆ ಬಳಗದಲ್ಲಿ ಯಾರಿಗೂ ಇಲ್ಲದಷ್ಟು ತುಂಬಿತ್ತು, ಟೌ ಮಾತ್ರ ತೀರಾ ಕಡಿಮೆ. ಹುಡುಕಿದಾಗ ಎಪಿಒಇ ಜೀನಿನ ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ರೂಪ ಎರಡು ಪ್ರತಿಯಲ್ಲಿ ಸಿಕ್ಕಿತು. 2019ರಲ್ಲಿ ಈ ಸುದ್ದಿ ಪ್ರಕಟವಾದಾಗ, ಕಶ್ಮಲ ತುಂಬಿದ್ದರೂ ಮಿದುಳು ದಶಕಗಳ ಕಾಲ ತಡೆದು ನಿಲ್ಲಬಲ್ಲದು ಎಂಬುದು ಜಗತ್ತಿಗೆ ಗೊತ್ತಾಯಿತು. ನನಗಂತೂ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಸೋಜಿಗ ಕಾಣಲಿಲ್ಲ.

ಅಲಿರಿಯಾ 2020ರಲ್ಲಿ ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡರು. ಮಿದುಳನ್ನು ಸಂಶೋಧನೆಗೆ ಕೊಟ್ಟಿದ್ದರು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪರೀಕ್ಷಿಸಿದಾಗ, ಟೌ ಹರಡಿದ ರೀತಿ ಬಳಗದ ಉಳಿದವರಿಗಿಂತ ಬೇರೆಯೇ ಆಗಿತ್ತು. 2024ರಲ್ಲಿ ಇನ್ನೊಂದು ವಿವರ ಬಂತು. ಕ್ರೈಸ್ಟ್‌ಚರ್ಚ್ ರೂಪದ ಒಂದೇ ಪ್ರತಿ ಇರುವ 27 ಮಂದಿ ಅದೇ ಬಳಗದಲ್ಲಿ ಸಿಕ್ಕಿದ್ದರು. ಅವರಿಗೆ ಮರೆವು ಶುರುವಾದದ್ದು ಉಳಿದವರಿಗಿಂತ ಸುಮಾರು ಐದು ವರ್ಷ ತಡವಾಗಿ.