ಫೋನು ಬಂತು, ಬಸ್ಸು ಖಾಲಿಯಾಯ್ತೇ?

ಮೆಜೆಸ್ಟಿಕ್‌ನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿ ಸಾಕು, ಗಾಂಧಿನಗರ. ಕನ್ನಡ ಚಿತ್ರರಂಗದ ಪೇಟೆ! ಬಸ್ ನಿಲ್ದಾಣಕ್ಕೆ ಸರ್ಕಾರ ಇಟ್ಟಿರೋದು ಕೆಂಪೇಗೌಡರ ಹೆಸರು. ಜನರ ಬಾಯಲ್ಲಿ ಉಳಿದಿರೋದು ಮಾತ್ರ ಈಗಿಲ್ಲದ ಒಂದು ಟಾಕೀಸಿನ ಹೆಸರು.

ಈ ಪೇಟೆಗೂ ಪ್ರಯಾಣಕ್ಕೂ ಹಳೇ ನಂಟು. ರೀಲಿನ ಕಾಲದಲ್ಲಿ ಚಿತ್ರದ ಡಬ್ಬಗಳು ಬಸ್ಸು, ರೈಲು ಹತ್ತಿಯೇ ಊರೂರಿಗೆ ಹೋಗಬೇಕಿತ್ತು. ಬೆನ್ನಿಗೇ ಹಂಚಿಕೆದಾರರ ಪ್ರತಿನಿಧಿ. ಲಾಡ್ಜಿನಲ್ಲಿ ತಂಗುವುದು, ಆಟಕ್ಕೆಷ್ಟು ಟಿಕೇಟು ಹೋಯ್ತೆಂದು ಎಣಿಸುವುದು, ಲೆಕ್ಕದೊಂದಿಗೆ ಗಾಂಧಿನಗರಕ್ಕೆ ವಾಪಸ್ಸು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯೋದಕ್ಕಿಂತ ರಾತ್ರಿ ಬಸ್ಸೇ ವಾಸಿ ಎನ್ನುವ ಕಾಲ ಅದು.

ಆಮೇಲೆ ಎಸ್‌ಟಿಡಿ ಬೂತು ಬಂತು. 1995ರಲ್ಲಿ ದೇಶಕ್ಕೆ ಮೊಬೈಲ್ ಕಾಲಿಟ್ಟಿತು. ಈಗ ಚಿತ್ರವೇ ಉಪಗ್ರಹದಿಂದ ಟಾಕೀಸಿಗೆ ಇಳಿಯುತ್ತೆ. ಕಲೆಕ್ಷನ್ ಲೆಕ್ಕ ಕೂತಲ್ಲೇ ಸಿಗುತ್ತೆ. ಡಬ್ಬ ಹೊರುತ್ತಿದ್ದವರ ಕೆಲಸ ಹೋಯ್ತು. ಎಷ್ಟೋ ಪ್ರತಿನಿಧಿಗಳ ಬ್ಯಾಗು ಅಟ್ಟ ಸೇರಿತು. ಅವರ ಪಾಲಿಗೆ ಫೋನು ಪ್ರಯಾಣವನ್ನಷ್ಟೇ ಅಲ್ಲ, ಅನ್ನವನ್ನೂ ನುಂಗಿತು.

ಹಾಗಾದ್ರೆ ಬಸ್ ಸ್ಟ್ಯಾಂಡು ಬಣಗುಡಬೇಕಿತ್ತಲ್ಲ? ಅಮೆರಿಕದ ಜ್ಯಾಕ್ ನಿಲ್ಸ್ ಎಂಬುವರು 1973ರಲ್ಲೇ ಟೆಲಿಕಮ್ಯೂಟಿಂಗ್ ಎಂಬ ಪದ ಹುಟ್ಟಿಸಿದರು. ಜನ ಕೆಲಸದ ಹತ್ತಿರ ಹೋಗೋದು ಬೇಡ, ತಂತಿಯ ಮೇಲೆ ಕೆಲಸವೇ ಜನರ ಹತ್ತಿರ ಬರಲಿ ಎಂಬ ಲೆಕ್ಕಾಚಾರ. ಆದರೆ ಅದೇ ದೇಶದ ಸಂಶೋಧಕಿ ಪ್ಯಾಟ್ರೀಷಿಯಾ ಮೊಖ್ತಾರಿಯನ್ 2002ರಲ್ಲಿ ಬೇರೆಯೇ ಮಾತು ಹೇಳಿದರು. ಸಂಪರ್ಕ ಒಂದು ಪ್ರಯಾಣ ತಪ್ಪಿಸಿದರೂ ಒಟ್ಟಾರೆ ನೋಡಿದರೆ ಎರಡೂ ಜೊತೆಜೊತೆಗೇ ಬೆಳೆಯುತ್ತವಂತೆ. ಸರಿಯೇ ಅಲ್ವೇ? ಮಾತಾಡಿದಷ್ಟೂ ಪರಿಚಯ ಹೆಚ್ಚು, ಪರಿಚಯವಾದಷ್ಟೂ ನೋಡುವ ಆಸೆ ಹೆಚ್ಚು.

ಇದಕ್ಕೆ ಸಾಕ್ಷಿ ಬೇಕೇ? ಗಾಂಧಿನಗರದಿಂದ ಬಹಳ ದೂರವೇನಿಲ್ಲ, ಕಂಠೀರವ ಕ್ರೀಡಾಂಗಣಕ್ಕೆ ಹೋಗಿ ನಿಲ್ಲಿ. 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಇನ್ನಿಲ್ಲ ಎಂಬ ಸುದ್ದಿ ಕ್ಷಣದಲ್ಲಿ ಅಂಗೈ ಅಂಗೈಗೆ ಬಂತು. ಅಂತಿಮ ದರ್ಶನ ಟಿವಿಯಲ್ಲಿತ್ತು, ಫೋನಿನಲ್ಲಿತ್ತು. ಮನೆಯಲ್ಲೇ ಕೂತು ನೋಡಬಹುದಿತ್ತು. ಯಾರು ಕೂತರು? ರಾಜ್ಯದ ಮೂಲೆಮೂಲೆಯಿಂದ ಲಕ್ಷಾಂತರ ಜನ ಹೊರಟು ಬಂದರು. ಅಕ್ಟೋಬರ್ 31ರಂದು ಕಂಠೀರವ ಸ್ಟುಡಿಯೋದಲ್ಲಿ, ಅಪ್ಪ ಅಮ್ಮನ ಪಕ್ಕದಲ್ಲೇ ಅಪ್ಪುವನ್ನು ಮಣ್ಣು ಮಾಡಿದರು. ಆಮೇಲೆ ಆ ಸಮಾಧಿಗೂ ಸಾಲು ಹತ್ತಿತು.

ಸುದ್ದಿಗೆ ಇವತ್ತು ಟಿಕೇಟು ಬೇಡ. ಕಣ್ಣೀರಿಗೆ ಬೇಕು ನೋಡಿ. ಮೆಜೆಸ್ಟಿಕ್ ತುಂಬಿರೋದು ಅದಕ್ಕೇ!