ಗೀಟು ಹಾಕಿದ ಮನೆಗಳು

ಚೌಕಾಬಾರದ ಆಟದಲ್ಲಿ ಕೆಲವು ಮನೆಗಳಿಗೆ ಅಡ್ಡಗೀಟು ಹಾಕಿರುತ್ತಾರೆ. ಎಂಥ ಗರ ಬಿದ್ದರೂ ಅಲ್ಲಿ ಕುಳಿತ ಕಾಯಿಯನ್ನು ಹೊಡೆಯುವಂತಿಲ್ಲ. ಕಂಪ್ಯೂಟರಿನ ಎಕ್ಸೆಲ್ ಹಾಳೆಯೂ ಮನೆಮನೆಯಾಗಿ ಬರೆದ ಒಂದು ಹಾಸೇ. ಅದನ್ನು ಕನ್ನಡಕ್ಕೆ ತರಹೊರಟವರು ಮೊದಲು ಮಾಡಬೇಕಾದದ್ದು ಅನುವಾದವನ್ನಲ್ಲ. ಅನುವಾದಿಸಬಾರದ ಮನೆಗಳಿಗೆ ಗೀಟು ಹಾಕುವುದನ್ನು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಥದೊಂದು ಹಾಳೆಯನ್ನು ತಂದಿದ್ದ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿ ಬೆಳೆಗಾರರ ಪಟ್ಟಿ, ಇಂಗ್ಲಿಷಿನಲ್ಲಿತ್ತು. ರೈತನ ಹೆಸರು, ಊರು, ಜಿಲ್ಲೆ, ಲೋಕಸಭಾ ಕ್ಷೇತ್ರ, ಸರ್ವೆ ನಂಬರು, ತಳಿ, ಕೊನೆಗೆ ಷರಾ. “ಅನುವಾದದ ತಂತ್ರಾಂಶಕ್ಕ ಹಾಕಿದ್ರ ಸಂಜಿ ಅನ್ನೂದ್ರೊಳಗ ಮುಗೀತದರಿ ಸರ್” ಎಂದ. ಮುಗಿಯುತ್ತದೆ, ಸಂದೇಹವಿಲ್ಲ. ಮುಗಿಯುವುದು ಕೆಲಸವೋ ಪಟ್ಟಿಯೋ ಎಂಬುದಷ್ಟೇ ಪ್ರಶ್ನೆ.

ಈ ತಂತ್ರಾಂಶವು ಹಾಳೆಯನ್ನು ಬಿಡಿಸಿ ಒಂದೊಂದು ಮನೆಯ ಬರಹವನ್ನೂ ನಮ್ಮ ಮುಂದೆ ಹಿಡಿಯುತ್ತದೆ. ಒಮ್ಮೆ ಹೇಳಿಕೊಟ್ಟದ್ದನ್ನು ನೆನಪಿಟ್ಟುಕೊಂಡು, ಅದೇ ಮಾತು ಮತ್ತೆ ಬಂದಲ್ಲೆಲ್ಲ ತಾನೇ ತುಂಬುತ್ತದೆ. ಷರಾದಲ್ಲಿ ‘ಬೀಜ ತಲುಪಿದೆ’ ಎಂಬುದು ನೂರು ಸಲ ಬಂದರೆ ಇದಕ್ಕಿಂತ ಉಪಕಾರ ಬೇರೊಂದಿಲ್ಲ. ಆದರೆ ‘ಗುಲಬರ್ಗಾ’ ಎಂಬ ಮಾತನ್ನು ನೋಡಿ. 2014ರ ನವೆಂಬರ್ 1ರಿಂದ ನಮ್ಮ ಜಿಲ್ಲೆಯ ಹೆಸರು ಕಲಬುರಗಿ. ಜಿಲ್ಲೆಯ ಅಂಕಣದಲ್ಲಿ ಹಾಗೆಯೇ ಬರೆಯಬೇಕು. ಲೋಕಸಭಾ ಕ್ಷೇತ್ರವಾದರೋ ಇನ್ನೂ ಗುಲಬರ್ಗಾ! ಅಫಜಲಪುರ, ಜೇವರ್ಗಿಗಳು ಅದರಲ್ಲಿವೆ. ಆಳಂದವು ಬೀದರ ಕ್ಷೇತ್ರಕ್ಕೆ ಸೇರಿದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಬೇಳೆ ನೋಂದಣಿಯಾದದ್ದೂ ಗುಲಬರ್ಗಾದ ಹೆಸರಿನಲ್ಲೇ. ಒಂದೇ ಮಾತು ಒಂದು ಮನೆಯಲ್ಲಿ ಬದಲಾಗಬೇಕು, ಪಕ್ಕದ ಮನೆಯಲ್ಲಿ ಬದಲಾಗಕೂಡದು. ಇದು ಯಂತ್ರಕ್ಕೆ ತಾನಾಗಿ ಹೇಗೆ ತಿಳಿದೀತು?

ಸರ್ವೆ ನಂಬರಿನದು ಇನ್ನೊಂದು ಕಥೆ. 12/3 ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖೆಂದೇ ತಿಳಿಯಬಹುದು. ಮಾರ್ಚ್, ಸೆಪ್ಟ್ ಎಂದು ಆರಂಭವಾಗುವ ಜೀನುಗಳ ಹೆಸರುಗಳನ್ನು ಅದು ಹೀಗೆಯೇ ತಾರೀಖು ಮಾಡುತ್ತಿತ್ತು. ಕೊನೆಗೆ ವಿಜ್ಞಾನಿಗಳೇ ಸೋತು ಆ ಹೆಸರುಗಳನ್ನು ಬದಲಿಸಿದರು. 2020ರಲ್ಲಿ ಅದಕ್ಕೆ ನಿಯಮಗಳೂ ಪ್ರಕಟವಾದವು. ಜೀನಿನ ಹೆಸರು ಬದಲಿಸಬಹುದು. ರೈತನು ಹೊಲದ ನಂಬರನ್ನು ಬದಲಿಸಲಾರ.

ಅವನ ಹೆಸರನ್ನೂ ಹಾಗೆಯೇ. ಇಂಗ್ಲಿಷ್ ಅಕ್ಷರಗಳಲ್ಲಿ ಕಲ್ಲಪ್ಪ, ಕಾಳಪ್ಪರಿಬ್ಬರೂ ಒಂದೇ ರೂಪದಲ್ಲಿ ನಿಲ್ಲಬಲ್ಲರು. ಯಂತ್ರ ಊಹಿಸಿದ ಹೆಸರೊಂದು, ಪಹಣಿಯಲ್ಲಿರುವ ಹೆಸರೊಂದು ಆದರೆ ಕಚೇರಿಯ ಮೆಟ್ಟಿಲು ಸವೆಸುವವನು ಅವನೇ ಹೊರತು ಅನುವಾದಕನಲ್ಲ. ಆ ಹೆಸರಿನ ಕನ್ನಡ ರೂಪ ಪಹಣಿಯಿಂದಲೇ ಬರಬೇಕು.

ಉಪಾಯ ಕಷ್ಟದ್ದೇನಲ್ಲ. ಹೆಸರು, ನಂಬರು, ತಳಿಗಳಂಥ ಇಡೀ ಅಂಕಣಗಳನ್ನು ಎಕ್ಸೆಲ್‌ನಲ್ಲಿ ಮೊದಲೇ ಮರೆಮಾಡಬಹುದು. ಮರೆಮಾಡಿದ್ದನ್ನು ಬಿಟ್ಟು ನಡೆಯುವಂತೆ ಅನೇಕ ತಂತ್ರಾಂಶಗಳಿಗೆ ಹೇಳಲು ಬರುತ್ತದೆ. ಅಲ್ಲೊಂದು ಇಲ್ಲೊಂದು ಬಿಡಿ ಮನೆಯಿದ್ದರೆ ಬಣ್ಣ ಬಳಿಯಬಹುದು. ಇಂಥ ಬಣ್ಣದ ಮನೆಗಳನ್ನು ಬಿಡು ಎಂದರೆ ಕೇಳುವ ಓಕಾಪಿಯಂಥ ಉಚಿತ ಉಪಕರಣಗಳಿವೆ. ಮೊದಲು ಹತ್ತು ಸಾಲಿನ ನಕಲೊಂದರ ಮೇಲೆ ಪರೀಕ್ಷಿಸಿ ನೋಡಿದರೆ ಇನ್ನೂ ಒಳ್ಳೆಯದು. ಹುಡುಗ ಹಾಗೆಯೇ ಮಾಡಿದ. ಕೊನೆಗೆ ಪರದೆಯ ಮೇಲೆ ಅನುವಾದಕ್ಕೆಂದು ಉಳಿದದ್ದು ಅಂಕಣಗಳ ತಲೆಬರಹ, ಜಿಲ್ಲೆ, ಷರಾ. “ಇಷ್ಟೇ ಏನ್ರಿ?” ಎಂದು ಅವನ ಮುಖ ಸಣ್ಣದಾಯಿತು. ಇಷ್ಟೇ ನಮ್ಮ ಪಾಲಿನದು ಎಂದೆ.

ಕನ್ನಡದ ಮೇಷ್ಟರಾದ ನಮಗೆ ಎಲ್ಲವನ್ನೂ ಕನ್ನಡಿಸಿಬಿಡುವ ಹುರುಪು ಸಹಜ. ನಮ್ಮ ಸೀಮೆಯ ಜನ ನಮಗಿಂತ ವಿವೇಕಿಗಳು. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ. ಕಚೇರಿಯ ಭಾಷೆ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಆಳುವವರು ಬದಲಾದರು, ಆಡಳಿತದ ಭಾಷೆ ಬದಲಾಯಿತು, ನಾಡಿನ ಹೆಸರೇ ಬದಲಾಯಿತು. ತಹಸೀಲ್ದಾರ, ವಕೀಲ, ತಕರಾರು, ಜಮಾಬಂದಿಗಳನ್ನು ಮಾತ್ರ ಯಾರೂ ಕದಲಿಸಲಿಲ್ಲ. ಆ ಮನೆಗಳಿಗೆ ಜನರು ಎಂದೋ ಗೀಟು ಹಾಕಿಟ್ಟಿದ್ದಾರೆ.