ಗಣತಿಯ ಪುಸ್ತಕದಲ್ಲಿ ನಮ್ಮ ಮಾತು

ಅಕ್ಕಲಕೋಟ ತಾಲೂಕಿನ ತಡವಳದ ಪರಿಸರದಲ್ಲಿ ಬೆಳೆದ ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. 2011ರ ಜನಗಣತಿಗೆ ಬಂದ ಎಣಿಕೆದಾರರು ಮರಾಠಿಯಲ್ಲಿ ಕೇಳಿದರು. ನಾವೂ ಮರಾಠಿಯಲ್ಲಿಯೇ ಉತ್ತರಿಸಿದೆವು. ಅವರು ಹೋದ ಮೇಲೆ ಅವ್ವ ಒಳಗಿನಿಂದ ಕೇಳಿದಳು: "ನಮ್ಮ ಮಾತು ಯಾವ್ದಂತ ಬರಸಿದಿರೆಪಾ?" ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯ ಭಾರ ಅರಿವಾದದ್ದು ನಮ್ಮ ಭಾಗದ ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯತೊಡಗಿದಾಗ. ಮಕ್ಕಳೇ ಇಲ್ಲವೆಂದರು ಕೆಲವರು. ಕಿರಿಯ ಮಕ್ಕಳ ಶಾಲೆ 1 ಕಿಲೋಮೀಟರ್ ಒಳಗಿರಬೇಕೆಂಬುದು ನಿಯಮ. ಆ ಸುತ್ತಳತೆಯಲ್ಲಿ ಕನ್ನಡ ಮನೆಗಳ ಮಕ್ಕಳೆಷ್ಟು ಎಂದು ಲೆಕ್ಕ ಹಾಕಲು ಗೆಳೆಯರೊಡನೆ ಕುಳಿತೆವು.

ಗಣತಿಯ ಪುಸ್ತಕ ಹಳ್ಳಿವಾರು ಜನಸಂಖ್ಯೆ ಕೊಡುತ್ತದೆ, ಆರು ವರ್ಷದೊಳಗಿನ ಮಕ್ಕಳನ್ನೂ ಹೇಳುತ್ತದೆ. ಆದರೆ ಮಾತೃಭಾಷೆಯ ಲೆಕ್ಕ ತಾಲೂಕಿಗೇ ನಿಂತುಬಿಡುತ್ತದೆ. ತಾಲೂಕಿನ ಸರಾಸರಿಯನ್ನೇ ಪ್ರತಿ ಹಳ್ಳಿಗೂ ಹಚ್ಚಿದರಾಯಿತೆಂದರು ಒಬ್ಬರು. ಆದರೆ ಭಾಷೆ ಅಂಬಲಿಯಲ್ಲಿ ಉಪ್ಪು ಕರಗಿದಂತೆ ಸಮನಾಗಿ ಹರಡಿರುವುದಿಲ್ಲ. ಒಂದು ಊರು ಬಹುಪಾಲು ಕನ್ನಡ, ಪಕ್ಕದ್ದು ಮರಾಠಿ. ಸರಾಸರಿ ಎರಡಕ್ಕೂ ಒಪ್ಪುವುದಿಲ್ಲ.

ಈ ತಕರಾರು ಹಳೆಯದು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷದ ವರದಿಯಲ್ಲಿ ಅಕ್ಕಲಕೋಟವನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಹಳ್ಳಿಯನ್ನೇ ಘಟಕವಾಗಿ ಹಿಡಿಯಬೇಕೆಂದು ಮಹಾರಾಷ್ಟ್ರ ವಾದಿಸಿ, ವರದಿಯನ್ನು ಒಪ್ಪಲಿಲ್ಲ. ಎಣಿಸುವ ಅಳತೆ ಬದಲಾದರೆ ನಕಾಶೆಯೂ ಬದಲಾಗುತ್ತದೆ.

ನಾವು ನಕಾಶೆಯ ಮೇಲೆ ಶಾಲೆಯ ಸುತ್ತ ವೃತ್ತ ಎಳೆದೆವು. ಊರ ಸೀಮೆಯ ಕಾಲುಭಾಗ ವೃತ್ತದೊಳಗೆ ಬಂದರೆ ಜನರೂ ಕಾಲುಭಾಗವೆಂದು ಹಿಡಿದದ್ದು ಮೊದಲ ತಪ್ಪು. ಜೋಳದ ಹೊಲದಲ್ಲಿ ಜನ ಮಲಗುವುದಿಲ್ಲ. ಮನೆಗಳಿರುವುದು ಗಾವಠಾಣದಲ್ಲಿ, ಅಲ್ಲೊಂದು ಇಲ್ಲೊಂದು ತೋಟದ ವಸ್ತಿಯಲ್ಲಿ. ಆದ್ದರಿಂದ ಉಪಗ್ರಹ ಚಿತ್ರದಲ್ಲಿ ಮನೆಗಳನ್ನು ಗುರುತಿಸಿ, ಊರಿನ ಜನಸಂಖ್ಯೆಯನ್ನು ಮನೆಗಳಿಗೆ ಹಂಚಿದೆವು. ಬಳಿಕ ಕೆಲವು ಓಣಿಗಳಿಗೆ ನಡೆದುಹೋಗಿ ಲೆಕ್ಕವನ್ನು ಒರೆಗೆ ಹಚ್ಚಿದೆವು.

ಅಲ್ಲಿ ನಮ್ಮ ಅಹಂಕಾರ ಇಳಿಯಿತು. ಸರಾಸರಿ ಹೇಳಿದ್ದಕ್ಕಿಂತ ಹೆಚ್ಚು ಕನ್ನಡದ ಮಕ್ಕಳಿದ್ದರು. ಕಟ್ಟೆಯ ಮೇಲೆ ಕನ್ನಡದಲ್ಲಿಯೇ ಜಗಳವಾಡುತ್ತಿದ್ದರು. ಬೆಳಗಾದರೆ ಅವರಲ್ಲಿ ಅನೇಕರು ಬೇರೆ ಮಾಧ್ಯಮದ ಶಾಲೆಯ ಬಸ್ಸು ಹತ್ತುವವರು. ನಮ್ಮ ಮಗನೂ ಅದೇ ಬಸ್ಸಿನಲ್ಲಿ ಹೋದವನು. ಮಕ್ಕಳ ಕೊರತೆಯೆಂದು ನಾವು ಎಣಿಸಹೊರಟದ್ದು ನಮ್ಮದೇ ಮನಸ್ಸಿನ ಕೊರತೆಯಾಗಿತ್ತು. ಅದನ್ನು ತುಂಬುವ ಕಾಲಂ ಯಾವ ಗಣತಿಯಲ್ಲಿಯೂ ಇಲ್ಲ.

ಆದರೂ ಲೆಕ್ಕ ಬೇಕು. ಬರುವ ಗಣತಿಯ ಆಧಾರ ದಿನ 2027ರ ಮಾರ್ಚ್ 1. ಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಮಾತು; ಬಲ್ಲ ಬೇರೆ ಎರಡು ಭಾಷೆಗಳಿಗೆ ಪ್ರತ್ಯೇಕ ಸ್ಥಳವಿದೆ. ಹೀಗಾಗಿ ಕನ್ನಡ ಬರೆಸಿದರೆ ಮರಾಠಿಗೆ ಅಗೌರವವಾಗದು. ಎಣಿಕೆದಾರರು ಯಾವ ಭಾಷೆಯಲ್ಲಿಯೇ ಕೇಳಲಿ, ದಾಖಲಿಸಿದ್ದನ್ನು ಒಮ್ಮೆ ಓದಿ ಹೇಳಿರೆಂದು ವಿನಯದಿಂದ ಕೇಳೋಣ. ಅವ್ವನ ಪ್ರಶ್ನೆಗೆ ಈ ಸಲವಾದರೂ ನಮ್ಮಲ್ಲಿ ಉತ್ತರವಿರಲಿ.